ತಾತ್ಕಾಲಿಕ

ರಾತ್ರಿ ಮೂರೂ ಚಿಲ್ಲರೆಗೆ ಫೋನು.
ಬಂದರಿನ ಪಕ್ಕದ ಹೊಗೆಮನೆಯಿಂದ ಓಯಾರ್ಸ್:
"ವಿಜ್ಮಾ, ಮೀನು ಒಳಗೇ ಕೂತಿದೆ.
ಬಾಗಿಲು ಬಿಡುತ್ತಿಲ್ಲ.
ಹೊಗೆಯಲ್ಲಿದ್ದದ್ದು ಮೈನಸ್ ಇಪ್ಪತ್ತು ನಿಮಿಷ
ಅನ್ನುತ್ತದೆ ಈ ಪರದೆ."

ಮೈನಸ್ ಇಪ್ಪತ್ತು.
ಒಳಗೆ ಹೋಗುವ ಮೊದಲೇ ಹೊರಬಂದ ಮೀನು!
ನಗು ಬಂತು. ಆಮೇಲೆ ನೆನಪಾಯಿತು,
ಇವತ್ತು ಅಕ್ಟೋಬರಿನ ಕೊನೆಯ ಭಾನುವಾರ,
ಲಿಯೆಪಾಯಾದ ಗಡಿಯಾರಗಳೆಲ್ಲ
ನಾಲ್ಕರ ಹೊಸ್ತಿಲು ಮುಟ್ಟಿ
ಮತ್ತೆ ಮೂರಕ್ಕೆ ಹಿಂದಿರುಗುವ ರಾತ್ರಿ.

ಕೋಟಿನ ಒಳಗೆ ಲ್ಯಾಪ್‌ಟಾಪು ಸಿಕ್ಕಿಸಿ ಸೈಕಲ್ಲು ತುಳಿದೆ.
ಸಮುದ್ರದ ಗಾಳಿ ಟ್ರಾಮಿನ ತಂತಿಗಳನ್ನು
ಒಂದೊಂದಾಗಿ ಜಗ್ಗಿ ನೋಡುತ್ತಿತ್ತು,
ಸಂತೆಯಲ್ಲಿ ಹಗ್ಗ ಕೊಳ್ಳುವವರ ಹಾಗೆ.

ಈ ಊರಲ್ಲಿ ನನ್ನ ಕೆಲಸಕ್ಕೆ ಸರಿಯಾದ ಹೆಸರಿಲ್ಲ.
ಲೈಬ್ರರಿಗೆ ದಂಡದ ಲೆಕ್ಕ ಬರೆದೆ.
ಇಗರ್ಜಿಯ ಗಂಟೆ ಮಧ್ಯರಾತ್ರಿ ಹದಿಮೂರು ಹೊಡೆದಾಗ
ಪಾದ್ರಿ ದೇವರಿಗಿಂತ ಮೊದಲು ನನ್ನನ್ನು ಕರೆದರು.
ಮಿರ್ಡ್ಜಾಳ ಜೇನುಪೆಟ್ಟಿಗೆಗಳ ಕೆಳಗೆ ತಕ್ಕಡಿ ಇಟ್ಟು
ಚಳಿಗಾಲದ ಒಂದು ರಾತ್ರಿಗೆ ಅವು ಎಷ್ಟು ಗ್ರಾಂ ಸೊರಗುತ್ತವೆಂದು
ಅವಳ ಫೋನಿಗೆ ಸುದ್ದಿ ಹೋಗುವಂತೆ ಮಾಡಿದೆ.
ಅವಳು ಅದನ್ನು ಓದುವುದಿಲ್ಲ,
ಈಗಲೂ ಪೆಟ್ಟಿಗೆಗೆ ಕಿವಿಯಿಟ್ಟೇ ಕೇಳುತ್ತಾಳೆ.
ಸಂಬಳ ಮಾತ್ರ ತಪ್ಪದೆ ಕೊಡುತ್ತಾಳೆ, ಡಬ್ಬಿಯಲ್ಲಿ.

ರೀಗಾದ ಸಂದರ್ಶನದಲ್ಲಿ ಕೇಳಿದ್ದರು:
ನಿಮ್ಮ ಆಳ ಯಾವುದರಲ್ಲಿ?
ಮೊಣಕಾಲುದ್ದ, ಎಂದೆ, ಆದರೆ ಬಹಳ ಹೊಳೆಗಳಲ್ಲಿ.
ಕೆಲಸ ಸಿಗಲಿಲ್ಲ.
ವಾಪಸು ಬರುವಾಗ ಬಸ್ಸಿನ ಟಿಕೆಟ್ ಯಂತ್ರ ಕೆಟ್ಟಿತ್ತು.
ಸರಿಮಾಡಿ, ಪುಕ್ಕಟೆ ಬಂದೆ.

ಹೊಸ ಭಾಷೆ, ಹೊಸ ಚೌಕಟ್ಟು ಬಂದರೆ ಬಿಡುವುದಿಲ್ಲ, ಓದುತ್ತೇನೆ,
ಅಣಬೆಯ ಪುಸ್ತಕ ಓದುವ ಹಾಗೆ:
ಯಾವುದು ಬಾಣಲೆಗೆ, ಯಾವುದು ಬರೀ ಚಂದ,
ಯಾವುದು ತಿಂದ ಮೂರನೆಯ ದಿನ ಕೊಲ್ಲುತ್ತದೆ.
ಬುಟ್ಟಿಗೆ ಹಾಕಿಕೊಳ್ಳುವುದು ಮಾತ್ರ
ಅಪ್ಪ ತೋರಿಸಿದ್ದ ಎರಡೇ ಜಾತಿ.

ಹೊಗೆಮನೆ. ಆಲ್ಡರ್ ಕಟ್ಟಿಗೆಯ ಘಾಟು.
ಗಾಜಿನಾಚೆ ಸಾಲುಸಾಲು ಪುಟ್ಟ ಮೀನು
ಸರಳಿಗೆ ತಲೆಕೊಟ್ಟು ನೇತಾಡುತ್ತ ಚಿನ್ನ ದಾಟಿ ಕಂದಾಗುತ್ತಿವೆ.
ಓಯಾರ್ಸ್ ಕೈಯಲ್ಲಿ ಹಾರೆ.
"ಒಡೆದುಬಿಡಲಾ?"
ಇರು ಮಾರಾಯ.
ಹಾವು ಸಾಯಬೇಕು, ಕೋಲು ಮುರಿಯಬಾರದು.

ಕೋಡ್ ತೆರೆದೆ. ಕೆಳಕೆಳಗೆ ಜಾರಿದೆ.
ಅಲ್ಲಿತ್ತು, ಎಂಟು ತಾರೀಕುಗಳ ಒಂದು ಪಟ್ಟಿ,
ಎಂಟು ಅಕ್ಟೋಬರುಗಳು, ಕೈಯಿಂದ ತುಂಬಿಸಿದ್ದು.
ಕೊನೆಯದು ಕಳೆದ ವರ್ಷದ್ದು.
ಮೇಲೆ ಯಾರೋ ಒಂದು ಷರಾ ಬರೆದಿದ್ದರು:
'ತಾತ್ಕಾಲಿಕ. ಅಷ್ಟರೊಳಗೆ ಯಾರಾದರೂ
ನೆಟ್ಟಗೆ ಮಾಡಿರುತ್ತಾರೆ.'
ಯಾವ ಸೋಮಾರಿಯಪ್ಪಾ ಎಂದು ಬೈಯುತ್ತ ಹೆಸರು ಹುಡುಕಿದೆ.

ವಿ.

ಆ ವರ್ಷ ನನಗೆ ಮೂವತ್ತೊಂದು.
ಆ ವಾರ ಮಗಳಿಗೆ ಜ್ವರ, ಬಾಡಿಗೆ ಬಾಕಿ,
ಅಂದೂ ಒಲೆಯಲ್ಲಿ ಮೀನು ಇದ್ದಿರಬೇಕು.
ಆಮೇಲೆ ಮದುವೆ ಮುರಿಯಿತು, ಕಾರ್ಖಾನೆ ಎರಡು ಸಲ ಕೈ ಬದಲಾಯಿತು,
ಶಾಶ್ವತ ಎಂದು ಬರೆದುಕೊಟ್ಟಿದ್ದೆಲ್ಲ ಹೋದವು.
ಈ ಸಾಲು ಮಾತ್ರ ಎಂಟು ಶರತ್ಕಾಲ ನಿಂತು ದುಡಿದಿದೆ,
ಸಂಬಳವಿಲ್ಲದೆ, ಹೊಗಳಿಕೆಯಿಲ್ಲದೆ.
ಅವಳನ್ನು, ಆ ಮೂವತ್ತೊಂದರವಳನ್ನು,
ಮತ್ತೆ ಬೈಯಲಾಗಲಿಲ್ಲ.

ಒಂಬತ್ತನೆಯ ತಾರೀಕು ಸೇರಿಸಿದೆ.
ಖಟ್. ಬಾಗಿಲು.
ಓಯಾರ್ಸ್ ಹಾರೆ ಬಿಸಾಡಿ ಒಳಗೆ ನುಗ್ಗಿದ.

ಮಧ್ಯಾಹ್ನ, ರೈ ಬ್ರೆಡ್ಡಿನ ಮೇಲೆ
ಅವನು ಕಾಗದದಲ್ಲಿ ಸುತ್ತಿಕೊಟ್ಟ, ತುಸು ಹೆಚ್ಚೇ ಕಪ್ಪಾದ ಮೀನು.
ತಿನ್ನುತ್ತಾ ನೆಟ್ಟಗೆ ಬರೆದೆ:
ಋತುವಿಗೆ ತಲೆಯಾಡಿಸದ ಒಂದೇ ಗಡಿಯಾರದ ಲೆಕ್ಕ.
ಸೇರಿಸಿದ್ದು ಹನ್ನೊಂದು ಸಾಲು, ಅಳಿಸಿದ್ದು ನಲವತ್ತು.
ಪಟ್ಟಿ ಹೋಯಿತು, ಷರಾ ಹೋಯಿತು, ವಿ. ಹೋಯಿತು.
ಪರೀಕ್ಷೆಗಳೆಲ್ಲ ಹಸಿರು. ಬೆರಳೆಲ್ಲ ಎಣ್ಣೆ.

ಅಡುಗೆಮನೆಯ ಗೋಡೆ ಗಡಿಯಾರ
ಇನ್ನೂ ಬೇಸಿಗೆಯಲ್ಲೇ ಇದೆ.
ಕುರ್ಚಿ ಹತ್ತಿ ತಿರುಗಿಸಬೇಕು.
ಇರಲಿ ಬಿಡು.
ಮಾರ್ಚ್ ಬಂದರೆ ತಾನಾಗಿಯೇ ಸರಿಹೋಗುತ್ತದೆ.