ರಾಟರ್‌ಡ್ಯಾಮಿನಲ್ಲಿ ನನ್ನ ಮಗ

ಮೊದಲು ಬಂದದ್ದು ಉಪ್ಪು ಹಾಕಿದ ಮೀನು.
ಆಮೇಲೆ ಸೈಕಲ್ಲು, ಸೈಕಲ್ಲಿನ ಗಂಟೆ, ಮಳೆ ಅಂಗಿ,
ಎಲ್ಲ ಡಚ್ ಭಾಷೆಯಲ್ಲಿ,
ನಮ್ಮ ಅಡುಗೆಮನೆಯ ಹಳೇ ಲ್ಯಾಪ್‌ಟಾಪಿನ ಮೂಲೆಯಲ್ಲಿ.
ನಾವಿರುವುದು ಇಂಗ್ಲೆಂಡಿನ ಹಲ್ ಊರಲ್ಲಿ,
ಮೀನು-ಚಿಪ್ಸ್ ಅಂಗಡಿಯ ಮೇಲಿನ ಎರಡು ಕೋಣೆ,
ಕಿಟಕಿಯ ಪರದೆಗೂ ಕರಿದೆಣ್ಣೆಯ ವಾಸನೆ.
ಡಚ್ಚಿನಲ್ಲಿ ನನಗೆ ಬರುವುದು ಎರಡೇ ಮಾತು:
ಶುಭ ಸಂಜೆ. ನಿಮ್ಮ ಪಾಸ್‌ಪೋರ್ಟ್ ಕೊಡಿ.

ಹದಿನಾಲ್ಕು ವರ್ಷದಿಂದ ಬಂದರಿನ ಗಾಜಿನ ಕಿಂಡಿಯ ಹಿಂದೆ
ಮುಖಕ್ಕೂ ಪಟಕ್ಕೂ ತಾಳೆ ನೋಡುವವಳು ನಾನು.
ರಾತ್ರಿಯ ಹಡಗು ಹತ್ತಿ
ನನ್ನ ಕಣ್ಣು ತಪ್ಪಿಸಿ ರಾಟರ್‌ಡ್ಯಾಮಿಗೆ ಹೋದವರಿಲ್ಲ,
ನನ್ನ ಮಗನೊಬ್ಬನನ್ನು ಬಿಟ್ಟು.
ಹದಿನೈದರ ಜೋಯೆಲ್,
ಒಂದೇ ಕಾಲಿಗೆ ಕಾಲುಚೀಲ, ಹಾಸಿಗೆಯ ಮೇಲೆ ಬೋರಲು,
ಟಿಕೆಟ್ಟಿಲ್ಲದೆ ಸಮುದ್ರ ದಾಟಿ ಕೂತಿದ್ದ.

ಪಕ್ಕದ ಕಿಂಡಿಯ ಬ್ರೈಯನಿ ನಕ್ಕಳು:
"ವಿಪಿಎನ್ ಕಣೇ! ನನ್ನ ಹುಡುಗಿಯಂತೂ ದಿನಕ್ಕೊಂದು ದೇಶ.
ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ."
ಚಹಾದ ಕಾಗದದ ಲೋಟದ ಮೇಲೆ ಗೀಚಿ ತೋರಿಸಿದಳು,
ಇದು ನಿನ್ನ ಮನೆ, ಇದು ಸುರಂಗ,
ಇದು ಆಚೆ ತುದಿಯಲ್ಲಿ ಯಾರದೋ ಹೆಸರಿನ ಬಾಗಿಲು.
"ಸುರಂಗ ತಪ್ಪೇನಲ್ಲ. ನಮ್ಮ ಆಫೀಸಿಗೂ ಒಂದಿದೆ,
ದಿನಾ ಬೆಳಗ್ಗೆ ನೀನೇ ನುಗ್ಗುತ್ತೀಯ.
ಪುಕ್ಕಟೆ ಸಿಕ್ಕಿತು ಅಂದರೆ ಮಾತ್ರ ಕೇಳು,
ಅಗೆದವರು ಯಾರು?"

ಬಸ್ಸಿನುದ್ದಕ್ಕೂ ಮನಸ್ಸು ಏನೇನೋ ಹೊಲಿಯಿತು.
ಬೆತ್ತಲೆ ಚಿತ್ರ, ಜೂಜು,
ಹದಿನೈದು ಎಂದು ಹೇಳಿಕೊಳ್ಳುವ ನಲವತ್ತೈದರ ಗಂಡಸು.
ಕತ್ತಲಲ್ಲಿ ಹಗ್ಗ ಕಂಡರೂ ನನಗೆ ಹಾವೇ.

ಬೈಯಲಿಲ್ಲ ಎಂದರೆ ಸುಳ್ಳಾದೀತು.
ಕೆಳಗಿನ ಅಂಗಡಿಯವನು ಬಾಣಲೆಯ ಸದ್ದು ನಿಲ್ಲಿಸಿ ಕೇಳುವಷ್ಟು ಬೈದೆ.
ಜೋಯೆಲ್ ಮಾತಾಡದೆ
ಪರದೆಯನ್ನು ನನ್ನ ಕಡೆ ತಿರುಗಿಸಿದ.

ಗಂಟು ಎಂದರೆ ಏನು.
ಎಷ್ಟು ಮಿಲಿಮೀಟರ್ ಆದರೆ ಕೆಟ್ಟದ್ದು.
ಅಮ್ಮನ ಸ್ತನದಲ್ಲಿ ಗಂಟಿದ್ದರೆ
ಮಗ ಏನು ಮಾಡಬೇಕು.

ಅವನಿಗೆ ಒಂಬತ್ತಿದ್ದಾಗ ನಾನೇ ಫೋನ್ ಮಾಡಿ ಹಾಕಿಸಿದ ಜಾಲರಿ
ಆ ಒಂದು ಪದ ಕಂಡಾಗಲೆಲ್ಲ ಬಾಗಿಲು ಜಡಿದಿತ್ತು,
ಈ ಮನೆಯಲ್ಲಿ ಇದು ನಿಷಿದ್ಧ ಎಂದಿತ್ತು.
ಅದಕ್ಕೇ ಹುಡುಗ ರಾಟರ್‌ಡ್ಯಾಮಿಗೆ ಹೋಗಿದ್ದ,
ನನ್ನ ಎದೆಯ ಬಗ್ಗೆ ಓದಲು.

ಓಟ್ಸ್ ಡಬ್ಬಿಯ ಕೆಳಗಿಟ್ಟಿದ್ದ ಆಸ್ಪತ್ರೆಯ ಕಾಗದ
ಮೂರು ವಾರದ ಹಿಂದೆಯೇ ಸಿಕ್ಕಿತ್ತಂತೆ.
ಓದಿ, ಅದೇ ಮಡಿಕೆಯಲ್ಲಿ ಮಡಿಸಿಟ್ಟಿದ್ದನಂತೆ.
ನಾನು ಅಗೆದಿದ್ದ ಸುರಂಗ
ಅಷ್ಟು ದಿನವೂ ಸೋರುತ್ತಿತ್ತು.

ಅವತ್ತು ರಾತ್ರಿ ಟೋಸ್ಟು ಕಡಿಯುತ್ತ
ಅವನ ಪುಕ್ಕಟೆ ಸುರಂಗದ ಷರತ್ತುಗಳನ್ನು ಓದಿದೆವು, ಮೂವತ್ತೊಂದು ಪುಟ.
ಹನ್ನೊಂದರಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
ನೀವು ನೋಡಿದ್ದನ್ನು ನಮ್ಮ ಪಾಲುದಾರರಿಗೆ ನೀಡಬಹುದು.
ಬೇಲಿಯೇ ಎದ್ದು ಹೊಲ ಮೇಯ್ದಿತ್ತು.
ಯಾವುದೋ ಊರಿನ ಯಾವನೋ ವ್ಯಾಪಾರಿಗೆ
ಈ ಮನೆಯ ಗಂಟು ಗೊತ್ತು.
ನನ್ನ ತಾಯಿಗೆ ನಾನಿನ್ನೂ ಹೇಳಿಲ್ಲ.

ಅವನು ಅದನ್ನು ಅಳಿಸಿದ.
ನಾನು ಜಾಲರಿ ಸಡಿಲಿಸಿದೆ, ಪೂರ್ತಿ ತೆಗೆಯಲಿಲ್ಲ,
ಹದಿನೈದು ಇನ್ನೂ ಹದಿನೈದೇ.
ಬೇಕೇ ಬೇಕಾದರೆ ದುಡ್ಡು ಕೊಟ್ಟು ಒಳ್ಳೆಯದನ್ನು ಕೊಳ್ಳೋಣ ಎಂದೆ,
ಬೆಲೆ ಕೇಳಿ ಇಬ್ಬರೂ ಸುಮ್ಮನಾದೆವು.

ಮಂಗಳವಾರ ಹತ್ತಕ್ಕೆ ಫಲಿತಾಂಶ. ಅವನೂ ಬರುತ್ತಾನೆ.
ಹಲ್ಲುನೋವು ಎಂದು ಶಾಲೆಗೆ ಬರೆದಿದ್ದೇನೆ,
ನೋಡಿ, ಮತ್ತೆ.

ಡಚ್ ಜಾಹೀರಾತು ಇನ್ನೂ ನಿಂತಿಲ್ಲ.
ನಿನ್ನೆ ಒಂದು ಹಳದಿ ಮಳೆ ಅಂಗಿ.
ಜೋಯೆಲ್ ಹತ್ತಿರ ಬಗ್ಗಿ ನೋಡಿದ.
"ನಿನ್ನ ಅಳತೆ ಇದೆ, ಅಮ್ಮಾ."