ಚುಕ್ಕಿ

ಬೂದನೂರು ಡೈರಿಯ ತೂಕದ ಯಂತ್ರಕ್ಕೆ
ಮರೆವು ಬಂದಿದೆಯೆಂದು ಫೋನು.
ಮೇಟಗಳ್ಳಿಯಿಂದ ಹೊರಟೆ. ಬ್ಯಾಗಿನಲ್ಲಿ ಸಾಲ್ಡರಿಂಗ್ ಕಡ್ಡಿ,
ಲ್ಯಾಪ್‌ಟಾಪು, ಮೊಸರನ್ನದ ಡಬ್ಬಿ.
ಪ್ರೋಗ್ರಾಮು ಬರೆದವನು ನಾನೇ. ಅದನ್ನು ಯಾರಿಗೂ ಹೇಳಲಿಲ್ಲ.

ಚಿಪ್ಪಿನ ಹೊಟ್ಟೆಯೊಳಗೆ ನಾನು ಬಳಸಿದ್ದು ಒಂದೇ ಪುಟ.
ನೂರಿಪ್ಪತ್ತು ಮನೆ, ದಿನಕ್ಕೆರಡು ಹೊತ್ತು,
ಒಬ್ಬೊಬ್ಬರು ಕ್ಯಾನು ಬಗ್ಗಿಸಿದಾಗಲೂ
ಇಡೀ ಪುಟ ಅಳಿಸು, ಇಡೀ ಪುಟ ಬರೆ.
ಹತ್ತು ಸಾವಿರ ಸಲ ಅಳಿಸಬಹುದು, ಅಷ್ಟೇ ಕಂಪನಿ ಕೊಟ್ಟ ಮಾತು.
ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ:
ನಲವತ್ತೆರಡು ದಿನಕ್ಕೆ ಮಾತು ತೀರಿತ್ತು.
ಆಮೇಲಿನ ಮೂರು ವಾರ
ನಡೆದದ್ದು ನನ್ನ ಪುಣ್ಯ.

"ಮಂಗಳವಾರದ ನನ್ನ ಆರೂವರೆ ಲೀಟ್ರು ಎಲ್ಲೋಯ್ತು?"
ಚಿಕ್ಕತಾಯಮ್ಮ ಕೇಳಿದ್ದು ಯಂತ್ರವನ್ನ, ನೋಡಿದ್ದು ನನ್ನ.
ಸೆಕ್ರೆಟರಿ ಗಂಟಲು ಸರಿಮಾಡಿಕೊಂಡ.
"ಬಾ, ನನ್ತಾವ ಅದೆ ಲೆಕ್ಕ."

ಕೊಟ್ಟಿಗೆಯ ಗೋಡೆ. ಸುಣ್ಣದ ಬಿಳುಪಿನ ಮೇಲೆ
ಇದ್ದಿಲ ಗೀರು, ಗೀರಿನ ಪಕ್ಕ ಗೀರು,
ಲೀಟರಿಗೆ ಉದ್ದದ್ದು, ಅರ್ಧಕ್ಕೆ ಗಿಡ್ಡದ್ದು.
ಎಮ್ಮೆಯ ಬಾಲ ತಾಗುವ ಎತ್ತರದಲ್ಲಿ ಮಂಗಳವಾರ:
ಆರೂವರೆ.

ತಪ್ಪಾದರೆ ಅಳಿಸಲ್ವಾ, ಅಂದೆ.
"ಇದ್ಲು ಉಜ್ಜುದ್ರೆ ಹೋದದಾ? ಮಸಿಬಟ್ಟೆ ಆಯ್ತದೆ.
ಅದ್ರ ಮ್ಯಾಲೊಂದು ಅಡ್ಡಗೀರು, ಪಕ್ಕದಲ್ಲೇ ಸರಿಯಾದ್ದು."
ಗೋಡೆ ತುಂಬಿದರೆ?
"ಒಟ್ಟು ಲೆಕ್ಕ ಮೊದ್ಲು ಆ ಗೋಡೆಗೆ ಬರ್ಕತೀನಿ,
ಆಮೇಕೆ ಇದ್ಕೆ ಸುಣ್ಣ. ಒಂದ್ ಗೀರಿಗೆ ಅಂತ ಬಳ್ಯಕ್ಕಾದದಾ,
ಪೂರ್ತಿ ಗೋಡೆಗೇಯ."

ನಾನು ಎಮ್ಮೆಯ ಪಕ್ಕ ಕುಕ್ಕರಿಸಿದೆ.
ಚಿಪ್ಪಿನ ಕೈಪಿಡಿ ಏಳುನೂರು ಪುಟ, ಎರಡು ಸಲ ಓದಿದ್ದೆ:
ಖಾಲಿ ಎಂದರೆ ಎಲ್ಲವೂ ಒಂದು,
ಬರೆಯುವುದೆಂದರೆ ಬೇಕಾದ ಒಂದನ್ನು ಸೊನ್ನೆ ಮಾಡುವುದು,
ಸೊನ್ನೆ ಮತ್ತೆ ಒಂದಾಗಲು ಇಡೀ ಪುಟ ಬೆಳ್ಳಗಾಗಬೇಕು.
ಓದಿದ್ದೆ. ಗೋಡೆ ಕಂಡಿರಲಿಲ್ಲ.

ಪ್ರತಿ ಹೊತ್ತಿನ ಕೊನೆಗೆ ಒಂದು ಚುಕ್ಕಿ.
ಅದ್ಯಾಕೆ?
"ಗೀರ್ತಿದ್ದಂಗೇ ಕರು ಬಿಚ್ಕಂಡ್ರೆ ಓಡ್ಬೇಕಲ್ಲಪ್ಪ.
ಚುಕ್ಕಿ ಇಲ್ದಿದ್ದು ಅರ್ಧ ಲೆಕ್ಕ. ನಂಬಲ್ಲ."

ಡೈರಿಗೆ ಬಂದು ಹೊಸ ಚಿಪ್ಪು ಕೂರಿಸಿದೆ.
ಈಗ ಎರಡು ಪುಟ. ಒಂದು ತುಂಬುವ ತನಕ ಪಕ್ಕಪಕ್ಕದಲ್ಲೇ ಬರೆ,
ಬರೆದಾದ ಮೇಲೆ ಚುಕ್ಕಿ ಇಡು.
ಪರೀಕ್ಷೆಗೆಂದು ನಾನೇ ಪ್ಲಗ್ಗು ಕೀಳಬೇಕಿತ್ತು;
ಕರೆಂಟು ಆ ಕೆಲಸ ಉಳಿಸಿತು.
ಕತ್ತಲಲ್ಲಿ ಕ್ಯಾನುಗಳ ಸಾಲು, ಬೆಚ್ಚನೆ ಹಾಲಿನ ವಾಸನೆ,
ಎಲ್ಲರ ಮೊಬೈಲಿನ ಬೆಳಕು ನನ್ನ ಮುಖದ ಮೇಲೆ.

ಕರೆಂಟು ಬಂತು. ಚಿಕ್ಕತಾಯಮ್ಮ ಪರದೆಯತ್ತ ತಿರುಗಲಿಲ್ಲ.
"ಚುಕ್ಕಿ ಮಡಗವ್ನಾ ನೋಡು" ಅಂದಳು ಸೆಕ್ರೆಟರಿಗೆ.