ಶುಕ್ರವಾರದೊಳಗೆ

ಅರ್ಜಿಗಳೆಲ್ಲ ಶುಕ್ರವಾರದೊಳಗೆ ಬರಬೇಕು.
ಇನ್ನೂ ಬಾರದ್ದು ನಿನ್ನದೊಂದೇ, ನೋಯೆಮಿ ಇಶ್‌ಕೊಯ್.

ಕಿಟಕಿಯಾಚೆ ಮಾರ್ಚ್. ಪ್ಲ್ಯಾಟ್ ನದಿಯ ಮರಳುದಿಣ್ಣೆಗೆ
ಕ್ರೌಂಚಗಳು ಇಳಿಯುವ ತಿಂಗಳು.
ದುರ್ಬೀನು ತೂಗಿಕೊಂಡು ಬಂದವರಿಂದ
ನಮ್ಮೂರಿನ ಮೋಟೆಲುಗಳೆಲ್ಲ ಭರ್ತಿ.
ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವರು
ಅದೇ ರಸ್ತೆಯಲ್ಲಿ ತಲೆಯೆತ್ತದೆ ಮನೆಗೆ ನಡೆಯುತ್ತಾರೆ.
ನಿನ್ನಮ್ಮನೂ ಇರಬೇಕು ಅವರಲ್ಲಿ.

ನೀನು ಕುರ್ಚಿಯ ಅಂಚಿನಲ್ಲಿ ಕೂತೆ,
ಚೀಲವನ್ನು ತೊಡೆಯಿಂದ ಇಳಿಸಲೇ ಇಲ್ಲ.
ಹತ್ತೊಂಬತ್ತು ವರ್ಷದಿಂದ ಈ ಮೇಜು ನನ್ನದು,
ಹೇಳುವುದೆಲ್ಲ ಬಾಯಿಪಾಠ:

‘ಅಡ್ವಾನ್ಸ್ಡ್ ಸ್ಪ್ಯಾನಿಷ್ ತಗೊಂಡರೆ ಐದಕ್ಕೆ ಐದು, ಬರೆದಿಟ್ಟುಕೋ.
ಆದರೆ ಕಾಲೇಜಿನವರು ಮೊದಲು ಹೆಸರು ನೋಡುತ್ತಾರೆ,
ನೋಡಿ, ಓ, ಮನೆಮಾತು, ಎನ್ನುತ್ತಾರೆ,
ಮೀನು ಈಜಿದ್ದಕ್ಕೆ ಪದಕವೇ ಎನ್ನುತ್ತಾರೆ.
ಲ್ಯಾಟಿನ್ ಹಾಗಲ್ಲ. ಮೂರು ವರ್ಷ ಕಲಿತಿದ್ದೀ.
ಸಾವಿರ ಅರ್ಜಿಯ ನಡುವೆ ಕಣ್ಣಿಗೆ ಬೀಳುತ್ತೆ.’

ಒಂದು ಮಾತು ನುಂಗಿಕೊಂಡೆ:
ಬ್ರಾಂಡ್‌ಗಾರ್ಡ್ ಮೇಷ್ಟ್ರ ಲ್ಯಾಟಿನ್ನಿಗೆ ಈವರೆಗೆ ನಾಲ್ಕೇ ಹೆಸರು.
ಐದಾಗದಿದ್ದರೆ ತರಗತಿಯಿಲ್ಲ,
ಆ ಕೋಣೆಗೆ ಕುಸ್ತಿಯವರ ಚಾಪೆಗಳು ಬರುತ್ತವೆ.

‘ಲ್ಯಾಟಿನ್ ನನಗಿಷ್ಟ,’ ಎಂದೆ.
‘ಅಲ್ಲಿ ಯಾರೂ ನನ್ನ ಬಾಯಿ ನೋಡುತ್ತ ಕಾಯುವುದಿಲ್ಲ.
ಎಲ್ಲರೂ ಸತ್ತು ಎರಡು ಸಾವಿರ ವರ್ಷವಾಯಿತು,
ನಿಧಾನಕ್ಕೆ ಅನುವಾದಿಸಬಹುದು.’

ಸ್ವಲ್ಪ ಹೊತ್ತು ಬಿಟ್ಟು:
‘ಸ್ಪ್ಯಾನಿಷ್ ನನಗೆ ಸುಲಭ ಅಂತ ಯಾರು ಹೇಳಿದ್ದು?’

ಜನವರಿಯಲ್ಲಂತೆ. ನಿಮ್ಮ ಮಹಡಿಯ ಕೆಳಗಿನ ಎವುಸೆಬಿಯೊ
ಬೆಳಗಿನ ಜಾವ ಫೋರ್ಕ್‌ಲಿಫ್ಟಿಗೆ ಸಿಕ್ಕರಂತೆ.
ಆಸ್ಪತ್ರೆಯ ದುಭಾಷಿ ಬರುವುದು ಎಂಟಕ್ಕೆ.
ನಿನ್ನನ್ನು ಎಬ್ಬಿಸಿ ಕರೆದೊಯ್ದರು.
‘ಸ್ಪ್ಲೀನ್ ಒಡೆದಿದೆ, ತೆಗೆಯಬೇಕು, ಹೇಳಮ್ಮ,’ ಎಂದರು ಡಾಕ್ಟರು.
ನಿನ್ನ ಹತ್ತಿರ ಆ ಪದ ಇರಲಿಲ್ಲ.
ಒಳಗಿನದೊಂದು ತೆಗೆಯುತ್ತಾರೆ, ಎಂದೆ. ಎಡಗಡೆಯದು.
‘ಹೃದಯವಾ?’ ಎಂದರವರು.
ಅಲ್ಲ ಅಲ್ಲ ಅನ್ನುವಷ್ಟರಲ್ಲಿ
ಎದೆಯ ಮೇಲೆ ಶಿಲುಬೆ ಗೀಚಿಕೊಂಡು
ಕಣ್ಣು ಮುಚ್ಚಿಬಿಟ್ಟಿದ್ದರು.

‘ಬಾಸೊ,’ ಎಂದೆ ನೀನು, ಮೇಜಿಗೆ ಹೇಳುವ ಹಾಗೆ.
‘ಎರಡೇ ಅಕ್ಷರ. ಮನೆಗೆ ಬಂದು ಹುಡುಕಿದೆ.
ಅಮ್ಮ ಸ್ಪ್ಯಾನಿಷ್ ಕಲಿತದ್ದೇ ಹದಿನಾರನೇ ವಯಸ್ಸಿಗೆ,
ಸಂತೆಯಲ್ಲಿ, ಚೌಕಾಸಿಗೆ.
ನಮ್ಮನೆ ಸ್ಪ್ಯಾನಿಷಿನಲ್ಲಿ ಬಾಡಿಗೆ ಇದೆ, ಬೈಗುಳ ಇದೆ,
ದೇಹದ ಒಳಗಿನದು ಒಂದೂ ಇಲ್ಲ.’

ಈ ಕೋರ್ಸಿನ ಪುಸ್ತಕದಲ್ಲೂ ಗುಲ್ಮ ಇರಲಾರದು, ಎಂದೆ ನಾನು.
ಸುಳ್ಳು ಹೇಳಲು ಮನಸ್ಸಾಗಲಿಲ್ಲ.
‘ಇರಲಿ,’ ಎಂದೆ. ‘ಗೊತ್ತಿಲ್ಲದ್ದನ್ನು ಸುತ್ತಿ ಬಳಸಿ
ಹೇಳುವುದಾದರೂ ಕಲಿಸುತ್ತಾರಲ್ಲ.’

ಗುರುತು ಹಾಕಿದೆ. ಸ್ಪ್ಯಾನಿಷ್.
ಕೆಳಗೆ ‘ಬಲ್ಲ ಇತರ ಭಾಷೆಗಳು’ ಎಂಬಲ್ಲಿ ಖಾಲಿ.
ಅಮ್ಮನ ಜತೆ ಆಡುವುದು? ಕಿಚೆ ಅಲ್ಲವೇ?
‘ಅದಕ್ಕೆ ಪರೀಕ್ಷೆ ಇಲ್ಲವಲ್ಲ,’ ಎಂದೆ.
‘ಅಮ್ಮನೂ ಅದನ್ನು ಭಾಷೆ ಅನ್ನಲ್ಲ. ನಮ್ಮ ಮಾತು ಅಂತಾಳೆ.’

ನನ್ನಜ್ಜಿ ತಂದ ಚೆಕ್ ಭಾಷೆಯಲ್ಲಿ
ನನಗುಳಿದದ್ದು ಒಂದೇ ವಾಕ್ಯ: ಬಾಗಿಲು ಹಾಕು.
ಅದನ್ನು ನಿನಗೆ ಹೇಳಲಿಲ್ಲ.
ನೀನು ಹೋಗುವಾಗ ಬಾಗಿಲು ಹಾಕಿಕೊಂಡೇ ಹೋದೆ.
ಪೆನ್ಸಿಲಿನಲ್ಲಿ, ಖಾಲಿ ಜಾಗದಲ್ಲಿ, ನಾನೇ ಬರೆದೆ: ಕಿಚೆ.
ಅಳಿಸಿದೆ. ಮತ್ತೆ ಬರೆದೆ.

ಮೂರೂವರೆಗೆ ಬ್ರಾಂಡ್‌ಗಾರ್ಡ್ ಬಂದರು,
ತಣ್ಣಗಾದ ಕಾಫಿಯ ಮಗ್ಗು ಹಿಡಿದು:
‘ಐದಾಯಿತಾ?’

ಆಕಾಶದಲ್ಲಿ ಗುಂಪೊಂದು ಕೂಗುತ್ತ ಹೊಳೆಯತ್ತ ಹೋಯಿತು.
ಅದು ದಾಟುವವರೆಗೂ ಇಬ್ಬರೂ ಸುಮ್ಮನಿದ್ದೆವು.

‘ಲ್ಯಾಟಿನ್ನಿನಲ್ಲಿ ಸ್ಪ್ಲೀನಿಗೆ ಏನಂತಾರೆ?’
ಕೇಳಿದೆ ನಾನು.

‘ಲಿಯೆನ್,’ ಎಂದರು ಥಟ್ಟನೆ.
ಆಮೇಲೆ, ‘ಯಾಕೆ?’